‘ಓಯಿಂಗ್ ಟು ಡೊಮೆಸ್ಟಿಕ್ ರೀಸನ್ಸ್’ ಅಂದ್ರೆ ಎಂತದು?

ನನ್ನ ಹತ್ರ ಕೌನ್ಸೆಲಿಂಗ್‌ಗೆ ಇಂಥ ಕೇಸು ಬರ್ತಾನೇ ಇರ್ತವೆ, ಮುಖ ಬೇರೆ, ಲೆಟರ್ ಮಾತ್ರ ಅದೇ, ಅದಕ್ಕೇ ಬರೀತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಶಿರಸಿ ಕಡೆಯವರು ಒಬ್ರು, ಕಾರವಾರದಲ್ಲಿ ಒಂದು ಖಾಸಗಿ ಆಫೀಸಲ್ಲಿ ಕೆಲಸ, ದಿನಾ ಲೇಟು ಅಂತ ಶೋಕಾಸ್ ನೋಟಿಸ್ ಬಂದಿತ್ತು. ಕರ್ಕೊಂಡು ಬಂದಿದ್ದು ಹೆಂಡ್ತಿ. ಯಾಕಂದ್ರೆ ಇವರಿಬ್ರೂ ಜಗಳ ಆಡ್ಕೊಂಡು ಬೇರೆ ಆಗೋ ಹಂತದಲ್ಲಿದ್ದಾರೆ ಅಂತ ಆಫೀಸ್ ತುಂಬ ಸುದ್ದಿ, ಪಾಪ ಆಕೆಗೇ ಅದು ಬೇರೆಯವರಿಂದ ಗೊತ್ತಾಗಿದ್ದು.

ಸುದ್ದಿ ಹುಟ್ಟಿದ್ದು ಎಲ್ಲಿ ಅಂತ ಅವರು ಆಫೀಸಿಗೆ ಕಾರಣ ಹೇಳಿ ಕೊಟ್ಟಿದ್ದ ಹಳೇ ಲೆಟರ್ ಕಾಪಿ ನೋಡಿದ್ಮೇಲೆ ಗೊತ್ತಾಯ್ತು. ಒಂದರಲ್ಲಿ ‘ಓಯಿಂಗ್ ಟು ಡೊಮೆಸ್ಟಿಕ್ ರೀಸನ್ಸ್’ (ಮನೆ ಕಾರಣಗಳಿಂದ), ಇನ್ನೊಂದರಲ್ಲಿ ‘ಆನ್ ಅಕೌಂಟ್ ಆಫ್ ಅನವಾಯ್ಡಬಲ್ ಸರ್ಕಮ್‌ಸ್ಟನ್ಸಸ್’. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಊರಿಗೆ ಹೋದವರು ವಾಪಸ್ ಬರೋಕಾಗದೆ ಉಳಿದಿದ್ರಂತೆ, ಅದಕ್ಕೂ ಅದೇ ‘ಅನವಾಯ್ಡಬಲ್’! ಇಡೀ ರಾಜ್ಯಕ್ಕೆ ಗೊತ್ತಿದ್ದ ಕಾರಣವನ್ನೂ ಹೆಸರು ಹಿಡಿದು ಹೇಳದವರನ್ನ ಮ್ಯಾನೇಜರ್ ಹೇಗೆ ನಂಬ್ತಾರೆ.

‘ಬಿಕಾಸ್’ ಅಂತ ಯಾಕೆ ಬರೆಯಲ್ಲ ಅಂದೆ. “ಅದು ಶಾಲೆ ಮಕ್ಳು ಬರೆಯೂದು ಮೇಡಂ” ಅಂದ್ರು.

ಸರಿ, ನನ್ನೆದುರು ಶಾಲೆ ಮಕ್ಕಳ ಹಾಗೇ ಬರೀರಿ ಅಂತ ಪೆನ್ನು ಕೊಟ್ಟೆ. ತುಂಬ ಹೊತ್ತು ಸುಮ್ನಿದ್ದು ಬರೆದ್ರು: ಐ ಕಮ್ ಲೇಟ್ ಬಿಕಾಸ್ ಮೈ ಮದರ್ ಗೋಸ್ ಔಟ್ ಆಫ್ ದ ಹೌಸ್ ಅಟ್ ನೈಟ್. ಬರೆದವರೇ ಹೊಡೆದು ಹಾಕಿದ್ರು. “ಇದು ಆಯಿ ಮೇಲೆ ದೂರು ಹೇಳ್ದಾಂಗೆ ಆಗ್ತದಲ್ರಾ ಮೇಡಂ. ಓಯಿಂಗ್ ಟು ಅಂದ್ರೆ ಯಾರ ಹೆಸ್ರೂ ಬರೂದಿಲ್ಲ.”

ಆಯಿಗೆ ಮರೆವು, ನಡುರಾತ್ರಿ ಬಾಗಿಲು ತೆಗೆದು ತೋಟಕ್ಕೆ ಹೋಗ್ತೇನೆ ಅಂತ ಹೊರಡ್ತಾರೆ (ತೋಟ ಇರೋದು ಘಟ್ಟದ ಮೇಲೆ), ಇವರು ಬಾಗಿಲಿಗೆ ಅಡ್ಡ ಕೂತು ಬೆಳಗು ಮಾಡ್ತಾರೆ.

ಅವರು ಹೇಳಿದ್ದು ವ್ಯಾಕರಣದ ಲೆಕ್ಕದಲ್ಲೂ ಸರೀನೇ. ಡ್ಯೂ ಟು, ಓಯಿಂಗ್ ಟು, ಆನ್ ಅಕೌಂಟ್ ಆಫ್, ಇನ್ ವ್ಯೂ ಆಫ್, ಇವೆಲ್ಲದರ ಮುಂದೆ ಬರೀ ನಾಮಪದ ಬಂದ್ರೆ ಸಾಕು, ‘ಬಿಕಾಸ್’ ಮುಂದೆ ಕರ್ತೃನೂ ಬೇಕು ಕ್ರಿಯಾಪದನೂ ಬೇಕು, ಅಂದ್ರೆ ಯಾರು ಏನು ಮಾಡಿದ್ರು ಅಂತ ಬಾಯಿಬಿಡಲೇಬೇಕು. ಅದಕ್ಕೇ ‘ಡ್ಯೂ ಟು ಐ ವಾಸ್ ಇಲ್’ ತಪ್ಪು, ‘ಡ್ಯೂ ಟು ಇಲ್‌ನೆಸ್’ ಸರಿ. ನಮ್ಮ ‘ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮ ರದ್ದಾಗಿದೆ’ ಬೋರ್ಡೂ ಇದೇ ಜಾತಿದು.

ನಾನಂದೆ, ಕರ್ತೃ ಬದಲಾಯಿಸಿ ನೋಡಿ: ಬಿಕಾಸ್ ಐ ಸ್ಟೇ ಅವೇಕ್ ಅಟ್ ನೈಟ್ ಟು ಲುಕ್ ಆಫ್ಟರ್ ಮೈ ಮದರ್. ಈಗ ವಾಕ್ಯದಲ್ಲಿ ಕೆಲಸ ಮಾಡ್ತಿರೋದು ನೀವು, ದೂರು ಯಾರ ಮೇಲೂ ಇಲ್ಲ. ಎರಡು ಸಲ ಓದ್ಕೊಂಡ್ರು. ಆಮೇಲೆ ಹೆಂಡ್ತಿ ಕಡೆ ನೋಡಿ “ನೀನೂ ಏಳ್ತೆ ಅಲ್ವಾ” ಅಂದ್ರು, ಆಕೆ “ಏಳ್ತೆ, ನೀವು ಹೋಗಿ ಮಲ್ಕೋ ಅಂತ ಬೈತ್ರಿ” ಅಂದ್ರು.

ಮನೆ ಕಷ್ಟ ಎಲ್ಲ ಆಫೀಸಿಗೆ ಬರೆಸ್ತೀರಾ ಅಂತ ಒಬ್ರು ಇಂಗ್ಲಿಷ್ ಲೆಕ್ಚರರ್ ಸ್ನೇಹಿತೆ ನನ್ನ ಮೇಲೆ ರೇಗಿದ್ರು. ನಾನು ಹಾಗೆ ಹೇಳೇ ಇಲ್ಲ ಮಾರಾಯ್ರೆ. ‘ಬಿಕಾಸ್’ ವಾಕ್ಯ ಮನೆಯವರಿಗೆ ಮತ್ತೆ ಡಾಕ್ಟ್ರಿಗೆ, ಆಫೀಸಿಗೆ ಫಾರ್ಮಲ್ ಆಗೇ ಇರ್ಲಿ, ಆದ್ರೆ ಓಯಿಂಗ್ ಟು ಮುಂದೆ ಖಾಲಿ ಮಾತು ಬೇಡ, ನಿಜವಾದ ನಾಮಪದ ಹಾಕಿ: ಓಯಿಂಗ್ ಟು ಮೈ ಮದರ್ಸ್ ಇಲ್‌ನೆಸ್. ಕಾಯಿಲೆ ಹೆಸರು ಬೇಕಾಗಿಲ್ಲ. ಜನರಿಗೆ ಖಾಲಿ ಜಾಗ ಬಿಟ್ರೆ ಅವರೇ ತುಂಬ್ತಾರೆ, ಇವರ ಆಫೀಸಲ್ಲಿ ಡೈವೋರ್ಸ್ ತುಂಬಿದ ಹಾಗೆ.

ಅದರ ಜೊತೆ ರಾತ್ರಿ ಪಾಳಿ ಇಬ್ರೂ ಹಂಚ್ಕೊಳ್ಳಿ, ಆಯಿಯನ್ನ ವಯಸ್ಸಾಯ್ತು ಅಂತ ಬಿಡದೆ ಡಾಕ್ಟರಿಗೆ ತೋರಿಸಿ, ರಾತ್ರಿ ತೀರಾ ಕುಗ್ಗಿಹೋದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಿ ಕಳಿಸ್ದೆ.

ಹೋಗ್ತಾ ಬಾಗಿಲಲ್ಲಿ ನಿಂತು ಕೇಳಿದ್ರು, ಡ್ಯೂ ಟು ಸರಿಯೋ ಓಯಿಂಗ್ ಟು ಸರಿಯೋ ಅಂತ. ಹಳೇ ಮೇಷ್ಟ್ರುಗಳ ಪ್ರಕಾರ ವಾಕ್ಯ ಶುರು ಮಾಡೋಕೆ ಓಯಿಂಗ್ ಟು, ‘ಮೈ ಡಿಲೇ ವಾಸ್’ ಆದ್ಮೇಲೆ ಡ್ಯೂ ಟು, ಈಗ ಅಷ್ಟೆಲ್ಲ ಯಾರೂ ನೋಡಲ್ಲ ಅಂದೆ. “ಹಂಗಾರೆ ಓಯಿಂಗ್ ಟು ಇರ್ಲಿ” ಅಂದ್ರು.