ಬೀಜದ ಗಡಿಗೆ ಎಲ್ಲಿ ಹೋಯಿತು?

ಜಗಳೂರು ತಾಲ್ಲೂಕಿನವರಾದ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಯುವ ಓದುಗರೊಬ್ಬರು ಬರೆದಿದ್ದಾರೆ: ‘ಕುಲಾಂತರಿ ಬೆಳೆಯನ್ನು ನೀವು ಯಾವಾಗಲೂ ಭೂತದ ಹಾಗೆ ತೋರಿಸುತ್ತೀರಿ. ನಮ್ಮ ಮೆಕ್ಕೆಜೋಳವೂ ಕುಲಾಂತರಿಯೇ ಅಲ್ವಾ? ಬಿಟಿ ಹತ್ತಿ ಬಂದ ಮೇಲೆ ನಮ್ಮಪ್ಪ ಔಷಧಿ ಹೊಡೆಯುವುದು ಕಡಿಮೆಯಾಯಿತು. ವಿಜ್ಞಾನ ಅಂದರೆ ನಿಮಗೇಕೆ ಭಯ?’

ಪ್ರೀತಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊರು ಬಿಟ್ಟ ಮೇಲೂ ತಂದೆಯವರ ಹೊಲದ ಬಗ್ಗೆ ಇಷ್ಟು ಯೋಚಿಸುವವರು ಕಡಿಮೆ. ಆದರೆ ಮೊದಲು ಒಂದು ತಪ್ಪು ತಿದ್ದಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಸೀಮೆಯ ಮೆಕ್ಕೆಜೋಳ ಕುಲಾಂತರಿ ಅಲ್ಲ, ಹೈಬ್ರಿಡ್. ಮೆಕ್ಕೆಜೋಳದ್ದೇ ಬೇರೆ ಬೇರೆ ತಳಿಗಳನ್ನು ಕೂಡಿಸಿ ತೆಗೆದದ್ದು. ಬೇರೊಂದು ಜೀವಿಯ ವಂಶವಾಹಿಯನ್ನು ಲ್ಯಾಬಿನಲ್ಲಿ ಗಿಡದೊಳಗೆ ಸೇರಿಸಿದರೆ ಅದು ಕುಲಾಂತರಿ. ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದು ರೈತರ ಹೊಲಕ್ಕೆ ಬಂದಿರುವ ಅಂಥ ಬೆಳೆ ಹತ್ತಿ ಒಂದೇ.

ನಿಮ್ಮ ತಂದೆಯವರ ಅನುಭವ ಸುಳ್ಳಲ್ಲ. ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಮಣ್ಣಿನ ಬ್ಯಾಕ್ಟೀರಿಯಾ ಒಂದರ ವಂಶವಾಹಿ ಅದರಲ್ಲಿದೆ; ಆ ಬ್ಯಾಕ್ಟೀರಿಯಾದ ಹೆಸರಿನ ಚುಟುಕೇ ಬಿಟಿ. ಹಾಗಾಗಿ ಹತ್ತಿ ಕಾಯಿ ಕೊರೆಯುವ ಹುಳುವನ್ನು, ಅಂದರೆ ಕಾಯಿಕೊರಕವನ್ನು, ಕೊಲ್ಲುವ ವಿಷವನ್ನು ಗಿಡವೇ ತಯಾರಿಸುತ್ತದೆ. ಶುರುವಿನಲ್ಲಿ ಔಷಧಿ ಖರ್ಚು ಇಳಿದದ್ದು ನಿಜ. 1982ರಲ್ಲಿ ಮಾರುಕಟ್ಟೆಗೆ ಬಂದ ಹೊಸ ಬಗೆಯ ಇನ್ಸುಲಿನ್ ಕೂಡ ಇದೇ ವಿದ್ಯೆಯಿಂದ ಬಂದದ್ದು. ಅದನ್ನು ನಾನು ದಿನಾ ಚುಚ್ಚಿಕೊಳ್ಳುತ್ತೇನೆ. ವಿಜ್ಞಾನಕ್ಕೆ ಹೆದರುವವನು ನಾನಲ್ಲ.

ಆದರೆ ಮುಂದಿನ ಕಥೆಯನ್ನು ತಂದೆಯವರು ಹೇಳಲಿಲ್ಲವಾ? 2006ರಲ್ಲಿ ಎರಡು ವಂಶವಾಹಿಯ ಬೀಜ ಬಂತು. ಗುಲಾಬಿ ಕಾಯಿಕೊರಕ ಮೊದಲು ಒಂದಕ್ಕೆ ಒಗ್ಗಿಕೊಂಡಿತು, ಆಮೇಲೆ ಎರಡಕ್ಕೂ. ಏಳೆಂಟು ವರ್ಷದ ಹಿಂದೆ ನನ್ನ ತಮ್ಮನ ಹೊಲದಲ್ಲಿ ಕಣ್ಣಾರೆ ನೋಡಿದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಇತ್ತು. ಬಿಡಿಸಿದರೆ ಒಳಗೆ ಗುಲಾಬಿ ಹುಳು, ಅರಳೆಯೆಲ್ಲ ಕಂದು. ತಮ್ಮ ಮಾತಿಲ್ಲದೆ ಬದುವಿನ ಮೇಲೆ ಕೂತುಬಿಟ್ಟ. ಬೀಜದಂಗಡಿಗೆ ಹೋದರೆ ‘ಬಿಲ್ ಎಲ್ಲಿ?’ ಅಂದರು. ಬಿಲ್ ಕೊಟ್ಟಿದ್ದರೆ ತಾನೇ!

450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಮಾಮೂಲಿ ಬೀಜದ ಪೊಟ್ಟಣ ಕೊಡುತ್ತಿದ್ದದ್ದು ನಿಮಗೆ ಗೊತ್ತಾ? ಅದನ್ನು ಹೊಲದ ಸುತ್ತ ಹಾಕಬೇಕಿತ್ತು. ಆ ಗಿಡ ತಿಂದ ಹುಳು ಬದುಕಿ, ಬಿಟಿಗೆ ಒಗ್ಗಿದ ಹುಳುವಿನ ಜೊತೆ ಕೂಡಿದರೆ ಮರಿಗಳು ಬಿಟಿ ತಿಂದು ಸಾಯುತ್ತವೆ. ಎಂಥ ಜಾಣ ಉಪಾಯ! ಆದರೆ ಯಾಕೆ ಅಂತ ಕೂತು ಹೇಳಿಕೊಟ್ಟವರಿಲ್ಲ. ತಮ್ಮ ಅದನ್ನು ಬಿಸಾಡಿದ, ಅಕ್ಕಪಕ್ಕದವರೂ ಬಿಸಾಡಿದರು. ಆಮೇಲೆ ಒಂದು ಸಭೆಯಲ್ಲಿ ‘ತಪ್ಪು ರೈತರದು’ ಅಂತ ಭಾಷಣ ಕೇಳಿದೆ. ನನಗೆ ಕೋಪ ಬರುವುದು ಇಲ್ಲೇ.

ನಮ್ಮಜ್ಜಿ ಬಿಳಿಜೋಳದ ಒಳ್ಳೊಳ್ಳೆ ತೆನೆ ಆರಿಸಿ ಜಂತಿಗೆ ಕಟ್ಟುತ್ತಿದ್ದಳು. ಅವರೆ, ತೊಗರಿ ಬೀಜಕ್ಕೆ ಬೂದಿ ಬೆರೆಸಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಬರಗಾಲದಲ್ಲೂ ಆ ಗಡಿಗೆ ಮುಟ್ಟುವ ಹಾಗಿರಲಿಲ್ಲ. ಹಸಿವು ತಡೆಯದೆ ಒಮ್ಮೆ ಕೈ ಹಾಕಿ ಏಟು ತಿಂದಿದ್ದೇನೆ.

ಹೈಬ್ರಿಡ್ ಬೀಜವನ್ನೂ ವರ್ಷ ವರ್ಷ ಕೊಳ್ಳಬೇಕಲ್ಲ ಅಂತ ನೀವು ಕೇಳಬಹುದು. ಹೌದು, ಅದೂ ನನಗೆ ನೋವೇ. ಆದರೆ 1972ರ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟವರು ನಮ್ಮ ಧಾರವಾಡದ ವಿಜ್ಞಾನಿಗಳು, ಜನರ ದುಡ್ಡಿನಲ್ಲಿ. ಹತ್ತಿ ಗಿರಣಿಗಳಿಂದಲೇ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂತು. ಈಗ ಆ ಗಿರಣಿಗಳ ಸದ್ದೂ ಇಲ್ಲ, ಬೀಜವೂ ನಮ್ಮದಲ್ಲ. 1998ರಲ್ಲಿ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ಅವರ ಹಸಿರು ಶಾಲಿನವರು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬಿಟಿ ಹತ್ತಿ ಕಿತ್ತು ಸುಟ್ಟಾಗ, ಇದು ಜಾಸ್ತಿಯಾಯಿತು ಅಂದುಕೊಂಡಿದ್ದೆ. ಬೀಜ ಯಾರ ಕೈಯಲ್ಲಿರಬೇಕು ಅನ್ನುವ ಅವರ ಪ್ರಶ್ನೆ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಊಟದ ಮಾತಿಗೆ ಬರೋಣ. 2010ರ ಫೆಬ್ರವರಿಯಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಅದಕ್ಕೂ ಮುಂಚೆ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿದ್ದರು. ಹಾಗೆ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಆದರೆ ಬಿಟಿ ಹತ್ತಿಕಾಳಿನ ಎಣ್ಣೆ ಅಡುಗೆಗೆ ಹೋಗುತ್ತಿದೆ. ಅದರ ಹಿಂಡಿ ನಮ್ಮ ಎಮ್ಮೆಗಳ ಮೇವಿಗೆ ಸೇರುತ್ತಿದೆ. ಇದನ್ನು ಯಾರು ನಮ್ಮನ್ನು ಕೇಳಿದರು? ಕುಲಾಂತರಿ ಸಾಸಿವೆಯ ಒಪ್ಪಿಗೆಯ ವಿಚಾರದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತ ಬರಲಿಲ್ಲ. ಹಾಗಿರುವಾಗ ಪ್ರಶ್ನೆ ಕೇಳುವ ರೈತನನ್ನು ವಿಜ್ಞಾನದ ವಿರೋಧಿ ಅನ್ನಬೇಡಿ.

ಇನ್ನು ಆ ಮೆಕ್ಕೆಜೋಳ. ಅಜ್ಜಿಯ ಬಿಳಿಜೋಳದ ಹೊಲವೆಲ್ಲ ಈಗ ಅದೇ. ಬೆಳೆದದ್ದು ಕೋಳಿ ಫಾರಂಗೆ, ನಮಗೆ ರೇಷನ್ ಅಕ್ಕಿ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದ ಕಡೆ ಕಾಣಿಸಿದ ಫಾಲ್ ಸೈನಿಕ ಹುಳು ನಮ್ಮಲ್ಲೂ ಸುಳಿಯನ್ನೇ ತಿಂದು ಹಾಕಿತು. ಎಲ್ಲಿ ನೋಡಿದರೂ ಒಂದೇ ಬೆಳೆ ಇದ್ದರೆ ಹುಳುವಿಗೆ ಇನ್ನೇನು ಬೇಕು? ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು ಹಾಕುವುದನ್ನೇ ಮರೆತಿದ್ದೇವೆ. ಇದಕ್ಕೂ ಒಂದು ಹೊಸ ವಂಶವಾಹಿ ತರುತ್ತೇವೆ ಅಂತ ಯಾರಾದರೂ ಬಂದರೆ ನಾನು ಸುಮ್ನೆ ಕೂರುವುದಿಲ್ಲ.

ಹೋದ ತಿಂಗಳು ಹೊಸದುರ್ಗದ ಕಡೆಯ ತಾಯಿಯೊಬ್ಬರು ಸಾವೆ ಬೀಜ ತಂದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ‘ಬೆಳೆದ ಮೇಲೆ ಎರಡರಷ್ಟು ವಾಪಸ್ ಕೊಡಿ’ ಅಂದರು. ನಮ್ಮ ಕಚೇರಿಯಲ್ಲಿ ಇನ್ನೂ ನಾಲ್ಕು ಸೇರು ಉಳಿದಿದೆ. ಮುಂಗಾರಿಗೆ ಊರಿಗೆ ಬಂದಾಗ ಒಂದು ಚೀಲ ಹಿಡಿದುಕೊಂಡು ಬನ್ನಿ. ತಂದೆಯವರನ್ನೂ ಕರೆದುಕೊಂಡು ಬನ್ನಿ.

– ಸಂ.