ಸವಾಲ್-ಜವಾಬ್: ಗೈಡ್ ಹಿಂದ ಬಾರ್ ತಿರುಗೋ ಟೂರು

ಸವಾಲ್: ಅಣ್ಣಾರ ನಮಸ್ಕಾರ. ಕಂಪನಿ ಟ್ರೇನಿಂಗ್ ಅಂತ ಸೆಪ್ಟೆಂಬರ್‌ನ್ಯಾಗ ಜರ್ಮನಿಗಿ ಹೊಂಟೀನಿ, ಅದು ಮುಗದ ಮ್ಯಾಲ ನಾಕ್ ದಿನ ರಜಾ ಹಾಕಿ ಬುಡಾಪೆಸ್ಟ್ ಇಲ್ಲಾ ಪ್ರಾಗ್ ನೋಡ್ಕೊಂಡು ಬರಮಂತ ವಿಚಾರ ಅದ. ಒಬ್ಬನೇ ಇರ್ತೀನಿ. ಹಾಸ್ಟೆಲ್ ಬುಕ್ ಮಾಡ್ಲಿಕ್ಕಿ ಹೋದ್ರ ಅದರ ಸಂಗಟ ‘ಪಬ್ ಕ್ರಾಲ್’ ಅಂತ ಒಂದು ಟಿಕೆಟ್ ತೋರಸ್ಲತ್ತದ, 20 ಯೂರೋಕ್ಕ ಮೂರು ಬಾರು ಒಂದು ಕ್ಲಬ್ಬು, ಪೈಲೇ ಒಂದ್ ತಾಸು ಎಷ್ಟರ ಕುಡೀರಿ ಅಂತ ಬರದಾರ. ಇದು ಖರೇನೋ, ಟೋಪಿ ಹಾಕೋ ಧಂದಾನೋ? ನಾ ಕುಡೀತೀನಿ, ಆದ್ರ ಲಿಮಿಟ್‌ನ್ಯಾಗ.
ಹೆಸರು ಹಾಕಬ್ಯಾಡ್ರಿ, ಜೇವರ್ಗಿ ರೋಡ್, ಕಲಬುರಗಿ

ಜವಾಬ್: ಧಂದಾ ಖರೆ, ಟೋಪಿ ಅಲ್ಲ. ಆದ್ರ ನೀವು ರೊಕ್ಕ ಯಾವುದಕ್ಕ ಕೊಡ್ಲತ್ತೀರಿ ಅಂಬೋದು ಬರೋಬ್ಬರಿ ತಿಳ್ಕೊಂಡು ಹೋಗ್ರಿ.

ನಡಿಯೋದು ಹಿಂಗ. ರಾತ್ರಿ ಎಂಟು-ಒಂಬತ್ತರ ಸುಮಾರಿಗಿ ಒಂದು ಚೌಕದಾಗ ಇಲ್ಲಾ ಮೊದಲನೇ ಬಾರಿನ್ಯಾಗೇ ಎಲ್ಲಾರೂ ಕೂಡ್ತಾರ, ಲಿಸ್ಟ್‌ನ್ಯಾಗ ಹೆಸರು ನೋಡಿ ಮುಂಗೈಗಿ ಒಂದು ಬಣ್ಣದ ಪಟ್ಟಿ ಕಟ್ತಾರ, ಅಲ್ಲೇ ಒಂದು ತಾಸು ಬಿಯರ್ರು ವೈನು ಅಂತ ಕೊಡ್ತಾರ, ಆಮ್ಯಾಲ ಗೈಡ್ ಮುಂದ ಮುಂದ ನೀವು ಹಿಂದ ಹಿಂದ ಎರಡನೇ ಬಾರು, ಮೂರನೇ ಬಾರು, ಒಂದೊಂದ್ರಾಗ ಮುಕ್ಕಾಲು ತಾಸಿನ ಮ್ಯಾಲ ನಿಂದ್ರಲ್ಲ, ಒಳಗ ಹೋಗೋ ಮುಂದ ಒಂದು ಸಣ್ಣ ಶಾಟ್ ಫುಕಟ್, ಕಡೀಕ ಒಂದು ಕ್ಲಬ್ಬಿನ ಬಾಗಿಲ ತನ ಬಂದು ಪಟ್ಟಿ ತೋರಿಸಿ ಒಳಗ ಬಿಡ್ತಾರ, ಅಲ್ಲಿಗಿ ಗೈಡನ ಕೆಲಸ ಮುಗೀತು. ಗೈಡ್ ಅಂದ್ರ ಬೀದರ ಕೋಟ್ಯಾಗ ಇತಿಹಾಸ ಹೇಳೋ ಗೈಡ್ ಅಂತ ತಿಳ್ಕೋಬ್ಯಾಡ್ರಿ. ಇಪ್ಪತ್ತು-ಇಪ್ಪತ್ತೈದರ ಹುಡುಗನೋ ಹುಡುಗಿನೋ ಇರ್ತದ, ಭಾಳ ಸಲ ಅದೂ ಬ್ಯಾರೆ ದೇಶದ್ದೇ, ಗಂಟಲು ದೊಡ್ಡದು ಇದ್ರ ಸಾಕು.

ಈಗ ಲೆಕ್ಕ ನೋಡ್ರಿ. ‘ಎಷ್ಟರ ಕುಡೀರಿ’ ಅಂದ ಒಂದು ತಾಸಿನ್ಯಾಗ ಕೌಂಟರ್ ಮುಂದ ನಲವತ್ತು ಮಂದಿ ನಿಂತಿರ್ತಾರ, ನಿಮ್ಮ ಪಾಲಿಗಿ ಎರಡು ಗ್ಲಾಸು ಬಂದ್ರ ಪುಣ್ಯ. ಬಾಗಿಲಾಗಿನ ಶಾಟ್ ಅಂತೂ ಶರಬತ್ತು ಜಾಸ್ತಿ ಸರಕು ಕಮ್ಮಿ. ಬಾರಿನವರಿಗಿ ಮಂಗಳವಾರ ರಾತ್ರಿ ಖಾಲಿ ಕುರ್ಚಿ ಕಾಯೋ ಬದಲಿ ನಲವತ್ತು ಗಿರಾಕಿ ಒಮ್ಮೆಲೇ ಬರ್ತಾರ, ಫುಕಟ್ ಶಾಟ್ ಆದ ಮ್ಯಾಲ ಇವರು ಸ್ವಂತ ರೊಕ್ಕದಾಗ ತಗೋತಾರಲ್ಲ, ಅದು ಅವರ ಕಮಾಯಿ. ಬರೀ ಎಣ್ಣಿಗಿ ಅಂತ ಹೋಗೋದಾದ್ರ ಲಾಸು, ಟೂರಿಸ್ಟ್ ಗಲ್ಲಿ ಬಿಟ್ಟು ಎರಡು ಓಣಿ ಆಚಿ ಹೋಗ್ರಿ, ಅದಕ್ಕಿಂತ ಸಸ್ತಾ ಸಿಗ್ತದ, ಕುಂತು ಕುಡೀಬಹುದು.

ಹಂಗಾರ ಯಾಕ ಹೋಗ್ಬೇಕು? ಮಂದಿ ಸಲೇಕ. ನಮ್ಮ ಸೂಪರ್ ಮಾರ್ಕೆಟ್ ಕಡಿ ಬಾರಿಗಿ ನಾವು ಹೋಗೋದೇ ನಾಕು ದೋಸ್ತರು ಕೂಡಿ, ಪರದಾ ಎಳದು ಚಕ್ನಾ ತರ್ಸಿ ಕುಂತ್ರ ಬಾಜೂ ಟೇಬಲ್‌ನ್ಯಾಗ ಯಾರ ಅದಾರ ಅಂತ ಕಡೀ ತನ ಗೊತ್ತಾಗಲ್ಲ. ಅಲ್ಲಿ ನೀವು ಒಬ್ಬರೇ ಹೋಗಿ ಒಂದು ಬಿಯರ್ ಹಿಡ್ಕೊಂಡು ಮೂಲ್ಯಾಗ ಕುಂತು ಮೊಬೈಲ್ ನೋಡ್ಕೋತ ಎದ್ದು ಬರ್ತೀರಿ, ಭಾಳಷ್ಟು ನಮ್ಮ ಹುಡುಗರ ಯುರೋಪ್ ರಾತ್ರಿ ಹಿಂಗೇ ಮುಗೀತಾವ. ಕೈಗಿ ಪಟ್ಟಿ ಬಿತ್ತಂದ್ರ ಆ ಪಟ್ಟಿ ಇದ್ದವರೆಲ್ಲ ನಿಮ್ಮ ಸಂಗಟ ಮಾತಾಡ್ಲಿಕ್ಕೇ ಬಂದವರು, ಯಾವೂರು ಏನ್ ಕೆಲಸ ಅಂತ ಕೇಳ್ಲಿಕ್ಕಿ ಸಂಕೋಚ ಇರಲ್ಲ. 20 ಯೂರೋ ಅದಕ್ಕ. ಅದಕ್ಕೇ ಬುಕ್ ಮಾಡೋಕಿನ ಮೊದಲ ಕೇಳೋದು ಒಂದೇ ಒಂದು: ಗುಂಪಿನ್ಯಾಗ ಎಷ್ಟು ಮಂದಿ ಇರ್ತಾರ? ಹದಿನೈದು-ಇಪ್ಪತ್ತು ಅಂದ್ರ ಹೋಗ್ರಿ. ಅರವತ್ತು ಅಂದ್ರ ಅದು ಜಾತ್ರಿ, ಅದರಾಗ ಅರ್ಧ ಮಂದಿ ಮದುವಿ ಮೊದಲಿನ ಪಾರ್ಟಿ ಅಂತ ಒಂದೇ ಥರ ಟೀ-ಶರ್ಟ್ ಹಾಕ್ಕೊಂಡು ಬಂದ ದಂಡು ಇರ್ತದ, ಅವರು ಅವರವರೇ ಮಾತಾಡ್ಕೋತಾರ.

ಊರು ಯಾವುದು ಅಂದ್ರ, ಪ್ರಾಗ್‌ನ್ಯಾಗ 2024ರ ಅಕ್ಟೋಬರ್‌ದಾಗ ಅಲ್ಲಿನ ನಗರಪಾಲಿಕೆನೇ ರಾತ್ರಿ 10ರಿಂದ ಮುಂಜಾನೆ 6ರ ತನ ಗೈಡ್ ಇಟ್ಟು ನಡಸೋ ಪಬ್ ಕ್ರಾಲ್ ಬಂದ್ ಮಾಡ್ಯಾದ. ನೀವು ನೀವೇ ಹೋಗಿ ಕುಡಿಯೋದಕ್ಕ ಏನೂ ಅಡ್ಡಿ ಇಲ್ಲ, ಕಂಪನಿಯವರು ಗುಂಪು ಕಟ್ಟಿ ತಿರುಗಿಸಬಾರದು ಅಷ್ಟೇ. ಸ್ಪೇನ್‌ನ್ಯಾಗ ಇನ್ನೂ ಪೈಲೇ ಶುರು ಆಗ್ಯಾದ, ಮಯೋರ್ಕಾ ಇಬೀಜಾ ದ್ವೀಪದ ಕುಡುಕರ ಗಲ್ಲಿ ಅಂತ ಹೆಸರಾದ ಜಾಗದಾಗ 2020ರಿಂದ ಪಬ್ ಕ್ರಾಲ್, ಹ್ಯಾಪಿ ಅವರ್ ಎರಡೂ ನಿಷೇಧ. ಯಾಕಂದ್ರ ಹೇಳ್ತೀನಿ ಕೇಳ್ರಿ, ಆ ಹಳೀ ಊರುಗಳಾಗ ತೆಳಗ ಬಾರು, ಮ್ಯಾಲ ಮನಿ. ರಾತ್ರಿ ಒಂದಕ್ಕ ಅರವತ್ತು ಮಂದಿ ಹಾಡು ಒದರ್ಕೋತ ಹೋದ್ರ ಮ್ಯಾಲಿನ ಮುದುಕಿ ಏನ್ ಮಾಡ್ಬೇಕು? ನಮ್ಮ ಓಣ್ಯಾಗ ವೈನ್ ಶಾಪ್ ಬ್ಯಾಡ ಅಂತ ಹೆಣ್ಮಕ್ಕಳು ಧರಣಿ ಕೂಡ್ತಾರಲ್ಲ, ಅವರ ಕಡಿ ನ್ಯಾಯ ಇದ್ದಂಗ ಇವರ ಕಡೀನೂ ಅದ ಅಂಬೋದು ನನ್ನ ಮಾತು.

ಬುಡಾಪೆಸ್ಟ್‌ನ್ಯಾಗ ಇನ್ನೂ ನಡೀತದ. ಏಳನೇ ಜಿಲ್ಲಾ, ಅಂದ್ರ ಹಳೀ ಯಹೂದಿ ಮೊಹಲ್ಲಾ, ಎರಡನೇ ಮಹಾಯುದ್ಧದ ಮ್ಯಾಲ ಪಾಳು ಬಿದ್ದ ಮನಿಗೋಳು ಅಲ್ಲಿ ಭಾಳ ಇದ್ದವು, ಅವನ್ನ ಕೆಡವದೇ ಹಂಗಿಂದ ಹಂಗೇ ಬಾರ್ ಮಾಡ್ಯಾರ. ಸಿಂಪ್ಲಾ ಕೆರ್ಟ್ ಅಂತ 2002ರಾಗ ಶುರು ಆಗಿದ್ದು, 2004ಕ್ಕ ಕಾಜಿಂಚಿ ಬೀದಿಗಿ ಬಂತು, ಅದೇ ಎಲ್ಲಕ್ಕೂ ಹಿರೀದು. ಅಂಗಳದಾಗ ಹಳೀ ಟ್ರಾಬಾಂಟ್ ಕಾರು, ಅದರೊಳಗೇ ಕುಂತು ಕುಡಿಯೋದು, ಸ್ನಾನದ ತೊಟ್ಟಿ ಒಂದು ಬದಿ ಕೊಯ್ದು ಸೋಫಾ ಮಾಡ್ಯಾರ. ಅದೇ ಅಂಗಳದಾಗ ರವಿವಾರ ಮುಂಜಾನಿ ರೈತರ ಸಂತಿ ಕೂಡ್ತದ, ಜೇನುತುಪ್ಪ, ಚೀಸು, ಕಾಯಿಪಲ್ಲೆ ಅಂತ. ಖರೆ ಹೇಳಬೇಕಂದ್ರ ರಾತ್ರಿಕಿಂತ ನನಗ ಆ ಸಂತಿ ಚಲೋ ಅನಸ್ತು. ಅಲ್ಲೂ ಝಗಳಾ ಇಲ್ಲ ಅಂತಲ್ಲ, 2018ರಾಗ ಮಧ್ಯರಾತ್ರಿ ಮ್ಯಾಲ ಬಾರ್ ಮುಚ್ಚಬೇಕಾ ಬ್ಯಾಡಾ ಅಂತ ಆ ಜಿಲ್ಲಾದವರ ವೋಟೇ ಹಾಕಿಸಿದ್ರು, ಸಾಕಷ್ಟು ಮಂದಿ ವೋಟ್ ಹಾಕ್ಲಿಲ್ಲ ಅಂತ ಅದು ಬಿದ್ದುಹೋಯ್ತು. ಅದಕ್ಕೇ ಒಂದು ಬಾರಿಂದ ಇನ್ನೊಂದಕ್ಕ ನಡಿಯೋ ಮುಂದ ಗೈಡ್ ಬಾಯಿ ಮ್ಯಾಲ ಬಟ್ಟು ಇಟ್ಟು ‘ಶ್’ ಅಂದ್ರ ಸುಮ್ಮನಾಗ್ರಿ.

ಲಿಮಿಟ್ ಅಂದ್ರಲ್ಲ, ಅದರ ಅಳತಿ ಅಲ್ಲಿ ಬ್ಯಾರೆ. ನಮ್ಮ ಪೆಗ್ 30 ಇಲ್ಲಾ 60 ಎಂ.ಎಲ್., ಆ ಕಡಿ ಶಾಟ್ ಅಂದ್ರ 40. ಬುಡಾಪೆಸ್ಟ್ ಇರೋ ಹಂಗೇರಿನ್ಯಾಗ ಪಾಲಿಂಕಾ ಅಂತ ಎಣ್ಣಿ ಜರ್ದಾಳು, ಪೇರ್, ಪ್ಲಮ್ ಹಣ್ಣಿಂದ ಇಳಿಸ್ತಾರ, ಕಾನೂನು ಪ್ರಕಾರ 37.5 ಪರ್ಸೆಂಟಿನ ಕೆಳಗ ಇರೋಹಂಗಿಲ್ಲ, ಮನ್ಯಾಗ ಮಾಡಿದ್ದು 50ರ ಮ್ಯಾಲೂ ಇರ್ತದ. ವಾಸನಿ ಹಣ್ಣಿಂದೇ ಬರ್ತದ, ಮೋಸ ಹೋಗಬ್ಯಾಡ್ರಿ. ಪ್ರಾಗ್ ಕಡಿ ಹೋದ್ರ ಬಿಯರ್ ಮೆನ್ಯುದಾಗ 10, 12 ಅಂತ ಬರದಿರ್ತದ, ಹನ್ನೆರಡು ಪರ್ಸೆಂಟ್ ಅಂತ ಗಾಬರಿ ಆಗಬ್ಯಾಡ್ರಿ, ಅದು ಹುಳಿ ಬರಸೋ ಮೊದಲಿನ ಮಾಲ್ಟ್ ಸಕ್ಕರಿ ಲೆಕ್ಕ, 12 ಅಂದ್ರ ಅಲ್ಕೋಹಾಲ್ 5ರ ಆಸುಪಾಸು ಇರ್ತದ. ಅಲ್ಲಿನ ಹಳೀ ಬಿಯರ್ ಅಂಗಡ್ಯಾಗ ವೇಟರ್ ನಿಮ್ಮ ಟೇಬಲ್ ಮ್ಯಾಲ ಒಂದು ಚೀಟಿ ಇಟ್ಟು ಒಂದೊಂದು ಗ್ಲಾಸಿಗಿ ಒಂದೊಂದು ಗೀಟು ಎಳೀತಾನ, ಸಾಕು ಅನ್ನೋ ತನ ತಾನೇ ತಂದಿಡ್ತಾನ, ಆ ಚೀಟಿ ಕಳಕೋಬ್ಯಾಡ್ರಿ.

ಕೊನೀ ಬಾರಿನ ಬಾಗಿಲಾಗ ಗೈಡ್ ಬಾಟ್ಲಿ ಹಿಡ್ಕೊಂಡು ಸಾಲಿನುದ್ದಕ್ಕೂ ಬರ್ತಾನ, ಮಂದಿ ಬಾಯಿ ಮ್ಯಾಲ ಮಾಡಿ ತೆರ್ಕೊಂಡು ನಿಂದಿರ್ತಾರ, ಸೀದಾ ಬಾಯಿಗೇ ಸುರೀತಾನ. ನನ್ನ ಪಾಳಿ ಬಂದಾಗ ನಾ ಕೈ ಅಡ್ಡ ಹಿಡದೆ, ಆಂವ ಒಂದು ಮಾತೂ ಅನ್ನಲಾರದೆ ಬಾಜೂದವನ ಬಾಯಿಗಿ ಹೋದ. ಅಷ್ಟೇ ಅದು. ದೋಸ್ತರಂಗ ಆಣಿ ಹಾಕಿಸಿ ಕುಡಸೋರು ಅಲ್ಲಿ ಯಾರೂ ಇಲ್ಲ.

ಹೊಟ್ಟಿ ತುಂಬಿಸ್ಕೊಂಡೇ ಹೋಗ್ರಿ, ಟೂರಿನ್ಯಾಗ ಚಕ್ನಾ ಸಿಗಲ್ಲ. ಗುಲಾಶ್ ಅಂದ್ರ ಭಾಳ ಕಡಿ ದನದ ಮಾಂಸ, ತಿನ್ನಲ್ಲಂದ್ರ ಲಾಂಗೋಶ್ ತಗೋರಿ, ನಮ್ಮ ಪೂರೀನೇ ತಾಟಿನಷ್ಟು ದೊಡ್ಡದು ಮಾಡಿ ಮ್ಯಾಲ ಬಳ್ಳೊಳ್ಳಿ, ಹುಳಿ ಕೆನಿ, ಚೀಸ್ ಹಾಕಿದ್ದು. ವಾಪಸ್ ಬರ್ಲಿಕ್ಕಿ ಬುಡಾಪೆಸ್ಟ್‌ನ್ಯಾಗ 6ನೇ ನಂಬರ್ ಟ್ರಾಮ್ ರಾತ್ರಿ ಪೂರ್ತಿ ಓಡ್ತದ. ಇನ್ನೊಂದು, ಟೂರು ಬಿಟ್ಟು ಒಬ್ಬರೇ ಬರೋ ಮುಂದ ವಾಸಿ ಬೀದಿ ಕಡಿ ಚೆಂದನ ಹುಡುಗೀರು ಇಬ್ಬರು ತಾವಾಗೇ ಮಾತಾಡಿಸಿ ‘ನಮಗ ಗೊತ್ತಿದ್ದ ಬಾರ್ ಅದ ಬರ್ರಿ’ ಅಂದ್ರ ಕೈ ಮುಗದು ಮುಂದ ನಡೀರಿ. ಅದು ಅಲ್ಲಿನ ಹಳೀ ಆಟ, ಎರಡು ಗ್ಲಾಸಿಗಿ ಸಾವಿರಾರು ರೂಪಾಯಿ ಬಿಲ್ ಬರ್ತದ, ಬಾಗಿಲಾಗ ದಾಂಡಿಗ ನಿಂತಿರ್ತಾನ. ಟೋಪಿ ಅಂತ ಕೇಳಿದ್ರಲ್ಲ, ಖರೇ ಟೋಪಿ ಇದು.

ಸವಾಲ್: ಅಣ್ಣಾ, ನಾ ಬೀದರ್‌ನಾಕಿ, ಡಬ್ಲಿನ್‌ನ್ಯಾಗ ನರ್ಸ್ ಅದೀನಿ. ಸಂಗಟ ಕೆಲಸ ಮಾಡೋ ಹುಡುಗೀರು ಬುಡಾಪೆಸ್ಟ್‌ಗಿ ಹೋಗಿ ಇದೇ ಪಬ್ ಕ್ರಾಲ್ ಮಾಡಮಂತ ಗಂಟು ಬಿದ್ದಾರ. ನನಗೂ ಮನಸ್ಸದ. ಆದ್ರ ಹೆಣ್ಮಕ್ಕಳಿಗಿ ಸುರಕ್ಷಿತ ಏನು? ಮತ್ತ ಫೋಟೋ ನಮ್ಮ ಮನಿ ವಾಟ್ಸಾಪ್ ಗ್ರೂಪಿಗಿ ಬಂದ್ರ ಮುಗೀತು ನನ್ನ ಕಥಿ.
ಒಬ್ಬ ಓದುಗಳು

ಜವಾಬ್: ತಂಗಿ, ಪೈಲೇ ವೀಸಾ. ಐರ್ಲೆಂಡ್ ಷೆಂಗೆನ್‌ನ್ಯಾಗ, ಅಂದ್ರ ಒಂದೇ ವೀಸಾದಾಗ ತಿರುಗೋ ಯುರೋಪ್ ದೇಶಗಳ ಗುಂಪಿನ್ಯಾಗ, ಬರಲ್ಲ, ಅಲ್ಲಿ ಇರ್ಲಿಕ್ಕಿ ನಿನಗ ಕೊಟ್ಟ ಕಾರ್ಡ್ ಇಟ್ಕೊಂಡು ಹಂಗೇ ಹಂಗೇರಿಗಿ ಹೋಗ್ಲಿಕ್ಕಿ ಆಗಲ್ಲ, ಬ್ಯಾರೇನೇ ಷೆಂಗೆನ್ ವೀಸಾ ಬೇಕು, ಫೀಸು 90 ಯೂರೋ. ಅದಕ್ಕ ಬೇಕಾಗೋ ಇನ್ಶೂರೆನ್ಸ್ ಕಮ್ಮೀತ ಕಮ್ಮಿ 30,000 ಯೂರೋದ್ದು ಇರಬೇಕು. ಆ ಪಾಲಿಸಿ ಓದಿ ನೋಡು, ಕುಡದಾಗ ಆದ ಪೆಟ್ಟಿಗಿ ಕ್ಲೇಮ್ ಕೊಡಲ್ಲ ಅಂತ ಭಾಳ ಪಾಲಿಸ್ಯಾಗ ಸಣ್ಣ ಅಕ್ಷರದಾಗ ಇರ್ತದ. ಈ ಟೂರಿನ್ಯಾಗ ಮಂದಿ ಕಾಲು ಮುರ್ಕೊಳ್ಳೋದು ಝಗಳಾದಾಗ ಅಲ್ಲ, ಕಲ್ಲಿನ ಫರಸಿ ಮ್ಯಾಲ ಜಾರಿ.

ಸುರಕ್ಷಿತ ಅಂತ ಕೇಳಿದ್ರ, ಗುಂಪಿನ್ಯಾಗ ಇರೋ ತನ ಒಬ್ಬಳೇ ತಿರುಗೋದಕ್ಕಿಂತ ಚಲೋನೇ. ಕಷ್ಟ ಇರೋದು ಕ್ಲಬ್ ಬಾಗಿಲಿಂದ ಈಚಿ, ಯಾಕಂದ್ರ ಅಲ್ಲಿಗಿ ಗೈಡ್ ಹೋಗಿಬಿಡ್ತಾನ, ಗುಂಪು ಒಡೀತದ, ಪ್ರತಿಯೊಬ್ಬರೂ ಯಾರೋ ನೋಡ್ಕೋತಾರ ಅಂದ್ಕೋತಾರ. ಅದಕ್ಕ ನೀವು ಹೋಗೋ ಮೊದಲೇ ಜೋಡಿ ಮಾಡ್ಕೋರಿ, ಯಾರ ಸಂಗಟ ಯಾರು ವಾಪಸ್ ಬರೋದು ಅಂತ, ಜೋಡೀಲಿ ಒಬ್ಬಾಕಿಗಿ ಸಾಕಾದ್ರ ಇಬ್ಬರೂ ಎದ್ದು ಬರೋದು, ಚರ್ಚಾನೇ ಬ್ಯಾಡ. ಗ್ಲಾಸು ಇಟ್ಟು ಡ್ಯಾನ್ಸಿಗಿ ಹೋದ್ರ ತಿರುಗಿ ಅದನ್ನ ಮುಟ್ಟಬ್ಯಾಡ, ನೀ ನರ್ಸ್ ಇದ್ದೀ, ಯಾಕಂತ ನಾ ಹೇಳೋದು ಬ್ಯಾಡ. ಯುರೋಪಿನ್ಯಾಗ ಎಲ್ಲಿದ್ರೂ ಎಮರ್ಜೆನ್ಸಿ ನಂಬರ್ 112.

ಫೋಟೋ ವಿಷಯ ಖರೇನೇ ಅದ. ಭಾಳಷ್ಟು ಟೂರಿನ್ಯಾಗ ಕ್ಯಾಮರಾದಾಂವ ಒಬ್ಬ ಸಂಗಟೇ ತಿರುಗ್ತಾನ, ಮರುದಿನ ಎಲ್ಲಾ ಅವರ ಪೇಜಿಗಿ ಬೀಳ್ತಾವ. ಪಟ್ಟಿ ಕಟ್ಟೋ ಮುಂದೇ ‘ನನ್ನ ಫೋಟೋ ಬ್ಯಾಡ’ ಅಂತ ಹೇಳು, ಅಲ್ಲಿ ಅದು ನಿನ್ನ ಹಕ್ಕು, ಯಾರೂ ಕೆಟ್ಟ ಅನ್ಕೋಳಲ್ಲ. ನಿನ್ನ ಗೆಳತೀರು ಸ್ಟೇಟಸ್ ಹಾಕಿದ್ರ ಅದಕ್ಕ ನನ್ನ ಹಂತ್ಯಾಕ ಔಷಧ ಇಲ್ಲ.

ಮತ್ತ ಡಬ್ಲಿನ್‌ನ್ಯಾಗೇ ಇದ್ದು ಬುಡಾಪೆಸ್ಟ್ ಅಂತೀಯಲ್ಲವ್ವ? ನಿಮ್ಮೂರಾಗ ಸಾಹಿತ್ಯದ ಪಬ್ ಕ್ರಾಲ್ 1988ರಿಂದ ನಡೀಲತ್ತದ, ನಟರು ಪಬ್ಬಿಂದ ಪಬ್ಬಿಗಿ ಕರ್ಕೊಂಡು ಹೋಗಿ ಅಲ್ಲಿನ ಬರಹಗಾರರ ತುಣುಕು ಆಡಿ ತೋರಿಸ್ತಾರ. ಹಾಡು-ಪಿಟೀಲಿನದ್ದೂ ಬ್ಯಾರೆ ಅದ. ಮೊದಲು ಅದಕ್ಕ ಹೋಗಿ ನೋಡು, ಆ ಗುಂಪಿನ್ಯಾಗ ಐವತ್ತು ದಾಟಿದವರೂ ಬರ್ತಾರ. ಫೋಟೋ ಮನಿ ಗ್ರೂಪಿಗಿ ಬಂದ್ರೂ ನಾಟಕ ನೋಡ್ಲಿಕ್ಕಿ ಹೋಗಿದ್ದೆ ಅನ್ನಬಹುದು, ಸುಳ್ಳೂ ಆಗಲ್ಲ.

ಸವಾಲ್: ನಾ ಕುಡಿಯಲ್ಲ. ದೋಸ್ತರು ಬರ್ಲಿನ್‌ನ್ಯಾಗ ಕ್ರಾಲ್‌ಗಿ ಬಾ ಅಂತ ಎಳೀಲತ್ತಾರ. ಹೋದ್ರ ಹುಚ್ಚನಂಗ ನಿಂದ್ರಬೇಕಾಗ್ತದೇನು?
ಓದುಗ, ಯಾದಗಿರಿ

ಜವಾಬ್: ಇಲ್ಲ. ಕುಡಿಯಲ್ಲದವರಿಗಿ ಕಮ್ಮಿ ರೇಟ್ ಅದ ಏನು ಅಂತ ಬುಕಿಂಗ್ ಮೊದಲೇ ಕೇಳ್ರಿ, ಕೆಲವು ಕಡಿ ಇರ್ತದ. ಜರ್ಮನಿನ್ಯಾಗ ಒಂದು ಕಾನೂನು ಭಾಳ ಚಲೋ ಅದ, ಯಾವುದೇ ಬಾರಿನ್ಯಾಗ ಕಮ್ಮೀತ ಕಮ್ಮಿ ಒಂದು ಮದ್ಯ ಇಲ್ಲದ ಪಾನೀಯ, ಅಲ್ಲಿ ಸಿಗೋ ಅತೀ ಸಸ್ತಾ ಮದ್ಯಕ್ಕಿಂತ ತುಟ್ಟಿ ಇರೋಹಂಗಿಲ್ಲ. ಸೇಬಿನ ಜ್ಯೂಸ್ ಕೇಳ್ರಿ, ಇಲ್ಲಾ ಅಲ್ಕೋಹಾಲ್ ಇಲ್ಲದ ಬಿಯರ್, ಎಲ್ಲಾ ಕಡಿ ಇಟ್ಟಿರ್ತಾರ. ಮೊದಲ ಎರಡು ಬಾರಿಗಿ ಹೋಗ್ರಿ, ಮಾತು ಚಲೋ ಇರೋದು ಅಲ್ಲಿ ತನಾನೇ, ಹನ್ನೊಂದರ ಮ್ಯಾಲ ಕುಡದವರ ಮಾತು ಕುಡಿಯದವರಿಗಿ ಸಹನ ಆಗಲ್ಲ, ಯಾವ ದೇಶದಾಗಾದ್ರೂ.

ಸವಾಲ್: ಸಾಹೇಬ್ರ, ನಂದು ತೊಗರಿ ಹೊಲ, ಮಗ ಜರ್ಮನಿಗಿ ಎಂ.ಎಸ್. ಓದ್ಲಿಕ್ಕಿ ಹೋಗ್ಯಾನ. ಮೊನ್ನಿ ಅವನ ಫೋಟೋ ನೋಡಿದೆ, ಕೈಗಿ ದವಾಖಾನ್ಯಾಗ ಕಟ್ಟೋ ಅಂಥಾ ಪಟ್ಟಿ ಅದ, ಮುಖ ಕೆಂಪಗಾಗ್ಯಾದ. ಕೇಳಿದ್ರ ಸಿಟಿ ಟೂರ್ ಅಪ್ಪಾ ಅಂದ. ಅವರವ್ವ ಎರಡು ದಿನ ಊಟ ಮಾಡಿಲ್ಲ.
ಒಬ್ಬ ತಂದಿ, ಶಹಾಪುರ

ಜವಾಬ್: ಯಜಮಾನ್ರ, ಅದು ದವಾಖಾನಿ ಪಟ್ಟಿ ಅಲ್ಲ, ಅವ್ವಾರಿಗಿ ಊಟ ಮಾಡ್ಲಿಕ್ಕಿ ಹೇಳ್ರಿ. ಮ್ಯಾಲ ಓದೀರಲ್ಲ, ಅದೇ ಟೂರಿನ ಪಟ್ಟಿ. ಹುಡುಗ ಪೂರಾ ಸುಳ್ಳು ಹೇಳಿಲ್ಲ, ಸಿಟಿನೇ ತಿರಿಗ್ಯಾನ, ನಡುನಡುವ ಬಾರ್ ಬಂದಾವ. ಅಲ್ಲಿ 16 ವರ್ಷಕ್ಕೇ ಬಿಯರ್ ಕಾನೂನುಬದ್ಧ, ಅದನ್ನ ನಮ್ಮ ಸಾರಾಯಿ ಅಂಗಡಿ ಲೆಕ್ಕದಾಗ ನೋಡಬ್ಯಾಡ್ರಿ. ಒಂದು ಫೋಟೋಕ್ಕ ಕುಡುಕ ಆದ ಅನ್ನೋದು ದುಡುಕು. ವಾರಾ ವಾರಾ ಬ್ಯಾರೆ ಬ್ಯಾರೆ ಬಣ್ಣದ ಪಟ್ಟಿ ಕಂಡ್ರ ಆಗ ಕೇಳ್ರಿ, ಅದೂ ಬೈಯಲಾರದೆ, ರೊಕ್ಕ ಎಲ್ಲಿಂದ ಬರ್ತದ ಅಂತ ಕೇಳ್ರಿ ಸಾಕು, ಸ್ಟೂಡೆಂಟ್ ಖಾತ್ಯಾಗ ತಿಂಗಳಿಗಿ ಇಷ್ಟೇ ಅಂತ ಕಟ್ಟಿ ಕೊಡ್ತಾರ, ಅದರಾಗ ವಾರಕ್ಕೊಂದು ಟೂರ್ ಏಳಲ್ಲ.

ಫೋನ್ ಮಾತ್ರ ಮುಂಜಾನಿ ಎದ್ದ ಕೂಡ್ಲೇ ಹಚ್ಚಬ್ಯಾಡ್ರಿ. ಬ್ಯಾಸಗಿ ತಿಂಗಳಾಗ ಅವರು ನಮಗಿಂತ ಮೂರೂವರಿ ತಾಸು ಹಿಂದ, ಚಳಿಗಾಲದಾಗ ನಾಕೂವರಿ. ನೀವು ಆರಕ್ಕ ಹೊಲಕ್ಕ ಹೋಗೋ ಮುಂದ ಹಚ್ಚಿದ್ರಿ ಅಂದ್ರ ಅಲ್ಲಿ ರಾತ್ರಿ ಎರಡೂವರಿ, ಶನಿವಾರ ಆಗಿದ್ರಂತೂ ಹಿಂದ ಡೀಜೆ ಸಪ್ಪಳ ಕೇಳಿ ಅವ್ವಾರು ಮತ್ತ ಊಟ ಬಿಡ್ತಾರ. ರವಿವಾರ ಮಧ್ಯಾಹ್ನ ಮೂರರ ಮ್ಯಾಲ ಹಚ್ರಿ, ಎದ್ದು ಚಾ ಕುಡದು ಕುಂತಿರ್ತಾನ.