ಹವಾಯಿಯಲ್ಲಿ ಈಜು ಮತ್ತು ಔತಣ

ಪ್ರಶ್ನೆ: ನಮ್ಮ ಬಂಧುಗಳ ಗುಂಪು ಹವಾಯಿಯ ಒವಾಹು ದ್ವೀಪದಲ್ಲಿ ಒಂದು ದಿನ ಈಜಿ, ಸಂಜೆ ಅಲ್ಲಿನ ಸಾಂಪ್ರದಾಯಿಕ ಔತಣವಾದ ಲೂಆವುಗೆ ಹೋಗಲಿದೆ. ಸಸ್ಯಾಹಾರಿಗಳು ಅಲ್ಲಿ ಏನನ್ನು ತಿನ್ನಬಹುದು?
– ಓದುಗರು, ಸಾಗರ

ಉತ್ತರ: ಔತಣದ ಮುಖ್ಯ ಖಾದ್ಯ ಹಂದಿಮಾಂಸ. ನೆಲದಲ್ಲಿ ಗುಂಡಿ ತೋಡಿ, ಕಾಯಿಸಿದ ಕಲ್ಲುಗಳ ಮೇಲೆ ಇಡೀ ಹಂದಿಯನ್ನಿರಿಸಿ, ಎಲೆಗಳಿಂದಲೂ ಮಣ್ಣಿನಿಂದಲೂ ಮುಚ್ಚಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕೆಸುವಿನ ಎಲೆಯಲ್ಲಿ ಸುತ್ತಿದ ಲಾವ್‌ಲಾವ್ ನೋಡಲು ನಮ್ಮ ಪತ್ರೊಡೆಯನ್ನು ನೆನಪಿಸಿದರೂ ಅದರೊಳಗೆ ಸಾಮಾನ್ಯವಾಗಿ ಮಾಂಸವೇ ಇರುವುದರಿಂದ ಕೇಳದೆ ಬಡಿಸಿಕೊಳ್ಳಬಾರದು. ಬೇಯಿಸಿದ ಕೆಸುವಿನ ಗೆಡ್ಡೆಯನ್ನು ನೀರು ಬೆರೆಸಿ ಅರೆದ ಪೋಯಿ ಸಸ್ಯಾಹಾರಿಗಳಿಗೆ ಒಗ್ಗುತ್ತದೆ. ಒಂದೆರಡು ದಿನ ಇಟ್ಟದ್ದಾದರೆ ಹುಳಿಯಾಗಿರುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ರುಚಿ. ತೆಂಗಿನ ಹಾಲಿನ ಸಿಹಿಯಾದ ಹೌಪಿಯವನ್ನೂ ತಪ್ಪದೆ ಸವಿಯಿರಿ. ಸಸ್ಯಾಹಾರದ ವಿಷಯವನ್ನು ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಿ.

ನೀವೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಈ ಪದ್ಧತಿ ಅಲ್ಲಿ ಹೋರಾಡಿ ಪಡೆದದ್ದು ಎಂಬುದನ್ನು ಮಕ್ಕಳಿಗೆ ಹೇಳಿ. ಹಿಂದೆ ಗಂಡಸರೂ ಹೆಂಗಸರೂ ಬೇರೆಬೇರೆಯಾಗಿ ಉಣ್ಣಬೇಕಿತ್ತು, ಹಂದಿಮಾಂಸ ಮತ್ತು ತೆಂಗಿನಕಾಯಿ ಹೆಂಗಸರಿಗೆ ನಿಷಿದ್ಧವಾಗಿದ್ದವು. 1819ರಲ್ಲಿ ರಾಣಿ ಕಾಅಹುಮನು ಮತ್ತು ರಾಜಮಾತೆ ಕೇಓಪುಒಲನಿಯವರ ಒತ್ತಾಯದಿಂದ ದೊರೆ ಎರಡನೆಯ ಕಮೆಹಮೆಹ ಸ್ತ್ರೀಯರೊಂದಿಗೆ ಕುಳಿತು ಉಂಡು ಆ ಕಟ್ಟಳೆಯನ್ನು ಮುರಿದನು.

ಈಜಲು ಹನೌಮ ಕೊಲ್ಲಿ ಚೆನ್ನಾಗಿದೆ, ಆದರೆ ಸೋಮವಾರ ಮತ್ತು ಮಂಗಳವಾರ ಅದನ್ನು ಮುಚ್ಚಿರುತ್ತಾರೆ. ಹವಳದ ಮೇಲೆ ಯಾರೂ ಕಾಲಿಡಬಾರದು. ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆನ್‌ಝೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿರುವುದರಿಂದ, ಇಲ್ಲಿಂದ ಒಯ್ಯುವ ಟ್ಯೂಬಿನ ಮೇಲಿನ ಬರಹವನ್ನು ಓದಿಕೊಳ್ಳಿ.